ಆಶಾ ಅಕ್ಕನಿಗೋ, ಟ್ರಸ್ಟ್‌ಗೋ, ಆಫ್ರಿಕಾಗೋ? ಆರೋಗ್ಯ ಕಾರ್ಯಕರ್ತೆಯರಿಗೆ ದುಡ್ಡು ಕೊಡುವ ಮುಂಚೆ

ಮಾರ್ಚ್ ಹತ್ತಿರ ಬಂತು ಅಂದರೆ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ಓಡಾಡಲು ಶುರುವಾಗುತ್ತದೆ. ಅಪಾರ್ಟ್‌ಮೆಂಟ್ ಸಂಘದ ಖಾತೆಯಲ್ಲಿ ಒಂದಿಷ್ಟು ಹಣ ಉಳಿದಿರುತ್ತದೆ. ಸಣ್ಣ ಕಂಪನಿಯೊಂದರ ಸಿಎಸ್‌ಆರ್ (ಲಾಭದಲ್ಲಿ ಸಮಾಜಕ್ಕೆ ಅಂತ ಎತ್ತಿಡುವ) ದುಡ್ಡು ವರ್ಷ ಮುಗಿಯುವುದರೊಳಗೆ ಖರ್ಚಾಗಬೇಕಿರುತ್ತದೆ. ಇಂಜಿನಿಯರಿಂಗ್ ಕಾಲೇಜಿನ ಹಳೇ ಬ್ಯಾಚ್‌ನವರು ವಾಟ್ಸಾಪ್ ಗ್ರೂಪಿನಲ್ಲಿ ಚಂದಾ ಎತ್ತಿರುತ್ತಾರೆ. ಆರೋಗ್ಯಕ್ಕೆ ಕೊಡೋಣ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆಸ್ಪತ್ರೆಗೆ ಇನ್ನೊಂದು ಮಷಿನ್ ಕೊಡಿಸುವ ಬದಲು ಮನೆಮನೆಗೆ ಹೋಗುವ ಕಾರ್ಯಕರ್ತೆಯರಿಗೆ ಕೊಡೋಣ ಅನ್ನುವವರೂ ಈಗ ಇದ್ದಾರೆ. ಅಲ್ಲಿಂದ ಮುಂದೆ ಗೊಂದಲ. ನಮ್ಮ ಏರಿಯಾದ ಆಶಾ ಅಕ್ಕಂದಿರಿಗೋ? ತಾನೇ ಕಾರ್ಯಕರ್ತೆಯರನ್ನು ಇಟ್ಟುಕೊಂಡಿರುವ ಟ್ರಸ್ಟ್‌ಗೋ? ಅದೇ ದುಡ್ಡು ಆಫ್ರಿಕಾದಲ್ಲಿ ಜಾಸ್ತಿ ಜೀವ ಉಳಿಸುತ್ತದೆ ಅಂತ ಯಾರೋ ಲಿಂಕ್ ಕಳಿಸಿದ್ದಾರಲ್ಲ, ಅಲ್ಲಿಗೋ?

ಕೆಲಸದ ನಿಮಿತ್ತ ಇಂಥ ಸಂಸ್ಥೆಗಳ ಬಜೆಟ್, ವರದಿ ಓದುತ್ತಿರುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರವೂ ಬರುತ್ತದೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ನನ್ನ ಒಲವು ಯಾವ ಕಡೆ ಅಂತ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ನೂರು ಜನರನ್ನು ನೇಮಿಸುವ ದುಡ್ಡಿಗಿಂತ, ಈಗಾಗಲೇ ಇರುವ ನೂರು ಜನ ಚೆನ್ನಾಗಿ ಕೆಲಸ ಮಾಡುವ ಹಾಗೆ ನೋಡಿಕೊಳ್ಳುವ ದುಡ್ಡು ಹೆಚ್ಚು ಬಾಳಿಕೆ ಬರುತ್ತದೆ. ಇದನ್ನು ಒಪ್ಪದವರೂ ಕೆಳಗಿನದನ್ನು ಓದಿ ತಮ್ಮ ಲೆಕ್ಕ ತಾವು ಹಾಕಿಕೊಳ್ಳಬಹುದು.

ಏನೇನು ನೋಡಬೇಕು

ಮೊದಲು ನೋಡಬೇಕಾದ್ದು ಕಾರ್ಯಕರ್ತೆಗೆ ಸಂಬಳ ಹೇಗೆ ಬರುತ್ತದೆ ಅನ್ನುವುದು. ದುಡ್ಡು ಕೊಡುವವರು ಸಾಮಾನ್ಯವಾಗಿ ಎಷ್ಟು ಹಳ್ಳಿ, ಎಷ್ಟು ಮನೆ ಅಂತ ಕೇಳುತ್ತಾರೆ. ಸಂಬಳದ ಮಾತು ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನೇಪಾಳದಲ್ಲಿ 1988ರಿಂದ ಮಹಿಳಾ ಸ್ವಯಂಸೇವಕಿಯರು ತಿಂಗಳ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಸ್ವಾಸ್ಥ್ಯ ಸೇವಿಕೆಯರು ಔಷಧಿ, ಸೋಪು, ಓಆರ್‌ಎಸ್ ಪೊಟ್ಟಣ ಮಾರಿ ಅದರ ಲಾಭ ಇಟ್ಟುಕೊಳ್ಳುತ್ತಾರೆ. ಇಥಿಯೋಪಿಯಾ 2003ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಸುಮಾರು 5,000 ಜನರಿಗೆ ಇಬ್ಬರು ಹೆಣ್ಣುಮಕ್ಕಳನ್ನು ಒಂದು ವರ್ಷ ತರಬೇತಿ ಕೊಟ್ಟು ಸರ್ಕಾರಿ ಸಂಬಳಕ್ಕೇ ಇಟ್ಟುಕೊಂಡಿತು. ಬ್ರೆಜಿಲ್ ಇನ್ನೂ ಮುಂದೆ ಹೋಯಿತು. 2022ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಈ ಕಾರ್ಯಕರ್ತರ ಸಂಬಳ ಕನಿಷ್ಠ ವೇತನದ ಎರಡರಷ್ಟಕ್ಕಿಂತ ಕಡಿಮೆ ಇರಬಾರದು ಅಂತ ಬರೆಯಿತು.

ನಮ್ಮದು ನಡುವಿನ ದಾರಿ. ಆಶಾ ಯೋಜನೆ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂತು. ಈಗ ದೇಶದಲ್ಲಿ ಸುಮಾರು 10 ಲಕ್ಷ ಆಶಾಗಳಿದ್ದಾರೆ, ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು. ಕಾಗದದಲ್ಲಿ ಇವರು ನೌಕರರಲ್ಲ, ಕಾರ್ಯಕರ್ತೆಯರು. ರಾಜ್ಯದಿಂದ ಒಂದಿಷ್ಟು ಗೌರವಧನ ಬರುತ್ತದೆ. ಉಳಿದದ್ದೆಲ್ಲ ಮಾಡಿದ ಕೆಲಸದ ಲೆಕ್ಕದಲ್ಲಿ ಪ್ರೋತ್ಸಾಹಧನ.

ಆ ಲೆಕ್ಕ ಹೇಗಿರುತ್ತದೆ ಅಂತ ಒಂದು ಕೆಲಸ ಹಿಡಿದು ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕು. ಬಟ್ಟೆಯ ಜೋಳಿಗೆಯಲ್ಲಿ ಮಗುವನ್ನು ಮಲಗಿಸಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತುತ್ತಾರೆ. ಅಷ್ಟು ಹೊತ್ತು ಅಜ್ಜಿ ಎರಡೂ ಕೈ ಕೆಳಗೆ ಒಡ್ಡಿಕೊಂಡೇ ನಿಂತಿರುತ್ತಾಳೆ. ಆಮೇಲೆ ಕಂಕುಳಲ್ಲಿ ಥರ್ಮಾಮೀಟರ್. ಆಮೇಲೆ ವಾಚ್ ನೋಡಿಕೊಂಡು ಪೂರ್ತಿ ಒಂದು ನಿಮಿಷ ಮಗುವಿನ ಉಸಿರು ಎಣಿಸಬೇಕು. 60 ದಾಟಿದರೆ ಆಸ್ಪತ್ರೆಗೆ ಕಳಿಸಬೇಕು. ಹೊಕ್ಕುಳು, ಕಣ್ಣು, ಹಾಲು ಕುಡಿಯುತ್ತಿದೆಯೇ, ಬಾಣಂತಿಗೆ ಜ್ವರ ಇದೆಯೇ, ಎಲ್ಲ ನೋಡಿ ಫಾರಂ ತುಂಬಬೇಕು. ಆರೂ ಭೇಟಿ ಮುಗಿದ ಮೇಲೆ ಸಿಗುವುದು 250 ರೂಪಾಯಿ. ಭೇಟಿಗೆ 42 ರೂಪಾಯಿ ಕೂಡ ಬೀಳುವುದಿಲ್ಲ. ನಮ್ಮಲ್ಲಿ ಬಾಣಂತನ ತವರಿನಲ್ಲಿ ತಾನೇ? ಬೆಂಗಳೂರಿನಲ್ಲಿ ಹೆರಿಗೆಯಾಗಿ, ಮೂರು ದಿನಕ್ಕೆ ತಾಯಿ ಮಗು ಮದ್ದೂರಿಗೋ ಶಿರಾಕ್ಕೋ ಹೋದರೆ ಈ ಸರಪಳಿ ಅಲ್ಲೇ ಕಡಿಯುತ್ತದೆ. ಒಂಬತ್ತು ತಿಂಗಳು ತಾಯಿ ಕಾರ್ಡ್ ಹಿಡಿದುಕೊಂಡು ಓಡಾಡಿದ್ದು ಒಬ್ಬ ಆಶಾ, ಮಗುವನ್ನು ನೋಡಬೇಕಾದವಳು ಇನ್ನೊಬ್ಬಳು.

2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಫ್ರೀಡಂ ಪಾರ್ಕ್‌ನಲ್ಲಿ ಕೂತಿದ್ದು ಇದೇ ಕಾರಣಕ್ಕೆ. ತಿಂಗಳಿಗೆ ನಿಶ್ಚಿತ ಗೌರವಧನ ಬೇಕು ಅನ್ನುವುದು ಅವರ ಮುಖ್ಯ ಬೇಡಿಕೆಯಾಗಿತ್ತು. ಕೇಂದ್ರದ ಪ್ರೋತ್ಸಾಹಧನ ಸೇರಿಸಿ ಕನಿಷ್ಠ 10 ಸಾವಿರ ಸಿಗುವ ಹಾಗೆ ಮಾಡುತ್ತೇವೆ ಎಂಬ ಭರವಸೆ ಸರ್ಕಾರದಿಂದ ಬಂದ ಮೇಲೆ ಅವತ್ತಿನ ಧರಣಿ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲೇ ಹೇಳಿದೆ: ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಹಣ ಕೊಡಿ, ಆದರೆ ಪೂರ್ತಿಯಾಗಿ ಅಥವಾ ಬಹುಪಾಲು ಪ್ರೋತ್ಸಾಹಧನದ ಮೇಲೇ ನಿಲ್ಲಿಸಬೇಡಿ. ಅದೇ ಸಂಸ್ಥೆ 2022ರಲ್ಲಿ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಬಂತು, ಮಾರ್ಗಸೂಚಿ ಕಪಾಟಿನಲ್ಲೇ ಉಳಿಯಿತು.

ಎರಡನೆಯದು, ಕಾರ್ಯಕರ್ತೆಯ ಬೆನ್ನ ಹಿಂದೆ ಯಾರಿದ್ದಾರೆ. ಅನುಮಾನ ಬಂದರೆ ಫೋನ್ ಮಾಡಿ ಕೇಳಲು ಒಬ್ಬ ಸಿಸ್ಟರ್ ಇರಬೇಕು. ಚೀಲದಲ್ಲಿ ಮಾತ್ರೆ ಇರಬೇಕು. ಕಳಿಸಿದ ರೋಗಿಯನ್ನು ನೋಡುವ ಆಸ್ಪತ್ರೆ ಇರಬೇಕು. ಇವು ಮೂರೂ ಇಲ್ಲದಿದ್ದರೆ ಮನೆಮನೆ ಭೇಟಿ ಅನ್ನುವುದು ಸುಮ್ನೆ ಜನಗಣತಿಯಾಗುತ್ತದೆ. ಬಜೆಟ್ ಓದುವಾಗ ನಾನು ಮೊದಲು ಹುಡುಕುವುದು ಮೇಲ್ವಿಚಾರಕರ ಸಾಲು. ಆಶಾ ವ್ಯವಸ್ಥೆಯಲ್ಲಿ ಸುಮಾರು 20 ಜನಕ್ಕೆ ಒಬ್ಬ ಆಶಾ ಸುಗಮಕಾರರು ಇರಬೇಕು ಅಂತಿದೆ. ಟ್ರಸ್ಟ್‌ನ ಬಜೆಟ್‌ನಲ್ಲಿ 50 ಜನಕ್ಕೆ ಒಬ್ಬರು ಅಂತ ಕಂಡರೆ ಕೆಂಪು ದೀಪ ಹತ್ತಿತು ಅಂತಲೇ ಲೆಕ್ಕ.

ಮೂರನೆಯದು ನಾಲ್ಕನೇ ವರ್ಷದ ಪ್ರಶ್ನೆ. ಹೆಚ್ಚಿನ ದೇಣಿಗೆ ಮೂರು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಸಂಬಳ ಯಾರು ಕೊಡುತ್ತಾರೆ? ಇದಕ್ಕೆ ಉತ್ತರ ಇಲ್ಲದೆ ಶುರುವಾದ ಯೋಜನೆ ನಿಂತಾಗ ನಷ್ಟ ದುಡ್ಡಿನದ್ದಷ್ಟೇ ಅಲ್ಲ. ಬಿಪಿ ಮಾತ್ರೆ ಮನೆಗೇ ಬರುತ್ತದೆ ಅಂತ ಅಭ್ಯಾಸವಾಗಿದ್ದ ಅಜ್ಜಿ ಮಾತ್ರೆಯನ್ನೇ ಬಿಡುತ್ತಾಳೆ. ಮುಂದಿನ ಸಲ ಇನ್ನೊಂದು ಸಂಸ್ಥೆ ಬಾಗಿಲು ತಟ್ಟಿದರೆ, ‘ನೀವೂ ಎಷ್ಟು ದಿನಾನೋ’ ಅನ್ನುತ್ತಾಳೆ.

ನಾಲ್ಕನೆಯದು, ಇಂಥ ಕೆಲಸದಿಂದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಪುರಾವೆ. ಐದನೆಯದು ನಿಮ್ಮ ಕಡೆಯ ತೆರಿಗೆ, ಕಾನೂನು. ಈ ಎರಡನ್ನೂ ಆಯಾ ಆಯ್ಕೆಯ ಜೊತೆಗೇ ಹೇಳುತ್ತೇನೆ.

ಪಕ್ಕದ ಪಿಎಚ್‌ಸಿ, ಅಲ್ಲಿನ ಆಶಾಗಳು

ಹೆಚ್ಚಿನವರು ಮೊದಲು ಕೇಳುವುದು, ‘ಆಶಾಗಳಿಗೇ ನೇರವಾಗಿ ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟರೆ ಆಗಲ್ವಾ?’ ಅಂತ. ಮನಸ್ಸು ಒಳ್ಳೆಯದೇ, ಆದರೆ ಬೇಡ ಅನ್ನುತ್ತೇನೆ. ಒಂದು ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಹತ್ತು ಜನಕ್ಕೆ ಕೊಟ್ಟು ಪಕ್ಕದ ಪಿಎಚ್‌ಸಿಯವರಿಗೆ ಕೊಡದಿದ್ದರೆ ಜಗಳ. ಕೊಡುತ್ತಿದ್ದದ್ದು ನಿಂತಾಗ ಇನ್ನೊಂದು ಜಗಳ. ಅದೂ ಅಲ್ಲದೆ, ಸಂಬಳ ಕೊಡಬೇಕಾದ್ದು ಸರ್ಕಾರ. ಆ ಹೊಣೆಯನ್ನು ಅಪಾರ್ಟ್‌ಮೆಂಟ್‌ನವರು ಹೊತ್ತುಕೊಂಡರೆ ಫ್ರೀಡಂ ಪಾರ್ಕ್‌ನಲ್ಲಿ ಕೂತವರ ವಾದ ಗಟ್ಟಿಯಾಗುವುದಿಲ್ಲ, ಸಡಿಲವಾಗುತ್ತದೆ.

ಅದರ ಬದಲು ಸಾಮಾನು, ಸೌಕರ್ಯ ಕೊಡಿಸಬಹುದು. ಪ್ರತಿ ಪಿಎಚ್‌ಸಿಗೂ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದು ದೇಣಿಗೆ ತೆಗೆದುಕೊಳ್ಳಬಹುದು. ವೈದ್ಯಾಧಿಕಾರಿಗಳನ್ನು ಭೇಟಿ ಮಾಡಿ, ‘ಸರ್, ಏನು ಕೊಡಿಸಲಿ?’ ಅಂತ ಕೇಳುವ ಬದಲು, ‘ಆಶಾಗಳ ಮೀಟಿಂಗ್ ಯಾವತ್ತು ಇರುತ್ತೆ, ನಾವೂ ಬಂದು ಕೂರಬಹುದಾ?’ ಅಂತ ಕೇಳಿ. ಮೊದಲ ಪ್ರಶ್ನೆಗೆ ಕಂಪ್ಯೂಟರ್, ಕುರ್ಚಿ, ಇನ್ವರ್ಟರ್ ಅಂತ ಉತ್ತರ ಬರುತ್ತದೆ. ಎರಡನೆಯದಕ್ಕೆ ನಿಜವಾದ ಪಟ್ಟಿ ಸಿಗುತ್ತದೆ: ಕೆಟ್ಟು ಕೂತ ತೂಕದ ಮಷಿನ್, ಮುಗಿದುಹೋದ ಗ್ಲೂಕೋಮೀಟರ್ ಸ್ಟ್ರಿಪ್, ಬಿಪಿ ಮಷಿನ್‌ಗೆ ಸೆಲ್, ಮಳೆಗಾಲಕ್ಕೆ ರೇನ್‌ಕೋಟ್, ಫೋನಿಗೆ ಡೇಟಾ ರೀಚಾರ್ಜ್. ಕಳೆದ ಕೆಲವು ವರ್ಷಗಳಲ್ಲಿ ಆಶಾಗಳ ಕೆಲಸ ಹೆರಿಗೆ, ಲಸಿಕೆಯಿಂದ ಸಕ್ಕರೆ ಕಾಯಿಲೆ, ಬಿಪಿ ಕಡೆಗೂ ಹರಡಿದೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯೂ ಅದೇ ದಾರಿಯದ್ದು. ಕೆಲಸ ಹೆಚ್ಚಾದ ಹಾಗೆ ಚೀಲದೊಳಗಿನ ಸಾಮಾನೂ ಹೆಚ್ಚಾಗಬೇಕಲ್ಲ.

ಅಳತೆಗೆ ಇಟ್ಟು ನೋಡಿದರೆ, ನಾಲ್ಕನೇ ವರ್ಷದ ಚಿಂತೆ ಇಲ್ಲಿ ಅತಿ ಕಡಿಮೆ. ನೀವು ಬಿಟ್ಟರೂ ಆಶಾ ಇರುತ್ತಾಳೆ. ಪುರಾವೆಯೂ ಗಟ್ಟಿಯಾಗಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ 39 ಹಳ್ಳಿಗಳಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಮಾಡಿಸಿತು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನವಜಾತ ಶಿಶುಗಳ ಸಾವು 62% ಇಳಿದಿತ್ತು. ಮೇಲೆ ಹೇಳಿದ ಆರು ಭೇಟಿಗಳ ಬೇರು ಇರುವುದು ಅಲ್ಲಿ. ತೊಂದರೆ ಏನೆಂದರೆ, ನೀವು ಕೊಟ್ಟ 50 ಸಾವಿರದಿಂದ ಏನಾಯಿತು ಅಂತ ಫೋಟೋ ಸಮೇತ ವರದಿ ಯಾರೂ ಕಳಿಸುವುದಿಲ್ಲ. ವೈದ್ಯಾಧಿಕಾರಿ ವರ್ಗವಾದರೆ ಪರಿಚಯವೂ ಹೊಸದಾಗಿ ಶುರುವಾಗುತ್ತದೆ. 80ಜಿ ರಿಯಾಯಿತಿ (ದಾನ ಕೊಟ್ಟಿದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ) ಸಿಗುತ್ತದೆಯೇ ಅನ್ನುವುದು ಆ ಸಮಿತಿಯ ನೋಂದಣಿ ಮೇಲೆ ನಿಂತಿದೆ, ಮೊದಲೇ ಕೇಳಿಕೊಳ್ಳಿ.

ಇನ್ನೂ ಚಿಕ್ಕ ಬಜೆಟ್‌ನವರಿಗೆ ನಿಕ್ಷಯ್ ಮಿತ್ರ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಕ್ಷಯ ರೋಗಿಗಳಿಗೆ ಕನಿಷ್ಠ 6 ತಿಂಗಳು ಪೌಷ್ಟಿಕ ಆಹಾರದ ಕಿಟ್ ಕೊಡಿಸುವ ಹೊಣೆ ಹೊರಬಹುದು. ಇದು ನೇರವಾಗಿ ಕಾರ್ಯಕರ್ತೆಗೆ ಕೊಡುವ ದುಡ್ಡಲ್ಲ. ಆದರೆ ರೋಗಿ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳುವ ಆಶಾ ಖಾಲಿ ಕೈಯಲ್ಲಿ ಹೋಗುವುದಕ್ಕೂ, ಬೇಳೆ, ಎಣ್ಣೆ, ಕಡ್ಲೆಬೀಜ ಹಿಡಿದುಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಒಂದೇ ಎಚ್ಚರಿಕೆ: ಕಿಟ್ ಕೊಡುವಾಗ ರೋಗಿಯ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ. ಬಾಡಿಗೆ ಮನೆಯಲ್ಲಿರುವವರಿಗೆ ಟಿಬಿ ಅಂತ ಓನರ್‌ಗೆ ಗೊತ್ತಾದರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಾನೇ ಕಾರ್ಯಕರ್ತೆಯರನ್ನು ಇಟ್ಟುಕೊಂಡಿರುವ ಟ್ರಸ್ಟ್

ಆಶಾ ಇರುವಾಗ ಇದು ಯಾಕೆ ಬೇಕು? ಬೆಂಗಳೂರಿನಲ್ಲೇ ಉತ್ತರ ಇದೆ. ನಗರದಲ್ಲಿ ಒಬ್ಬ ಆಶಾಗೆ 1,000ದಿಂದ 2,500 ಜನ ಅಂತ ಲೆಕ್ಕ. ಆದರೆ ವೈಟ್‌ಫೀಲ್ಡ್ ಆಚೆಯ ಖಾಲಿ ಸೈಟಿನಲ್ಲಿ ನೀಲಿ ಶೀಟ್ ಹೊದಿಸಿದ ಶೆಡ್‌ಗಳು ಯಾವ ಪಟ್ಟಿಯಲ್ಲಿ ಬರುತ್ತವೆ? ಯಾದಗಿರಿ, ರಾಯಚೂರಿನಿಂದ ಬಂದ ಕುಟುಂಬ ಕಟ್ಟಡ ಮುಗಿದ ಕೂಡಲೇ ಇನ್ನೊಂದು ಕಡೆ ಎದ್ದು ಹೋಗುತ್ತದೆ. ಮಗುವಿನ ಎರಡನೇ ಲಸಿಕೆ ಹೊತ್ತಿಗೆ ವಿಳಾಸವೇ ಬೇರೆ. ಬಂಗಾಳ, ಬಿಹಾರದಿಂದ ಬಂದವರಾದರೆ ಭಾಷೆಯೂ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೆರೆದ ನಮ್ಮ ಕ್ಲಿನಿಕ್‌ಗಳು ವಾರ್ಡ್‌ಗೊಂದರಂತೆ ಹತ್ತಿರ ಬಂದಿವೆ, ನಿಜ. ಆದರೆ ಕೂಲಿ ಬಿಟ್ಟು ಅಲ್ಲಿಯವರೆಗೆ ಹೋಗಲು ಯಾರಾದರೂ ಒಬ್ಬರು ಹೇಳಬೇಕು, ಒಮ್ಮೊಮ್ಮೆ ಕರೆದುಕೊಂಡೂ ಹೋಗಬೇಕು. ಇಂಥ ಕಡೆ ಟ್ರಸ್ಟ್‌ನ ಕಾರ್ಯಕರ್ತೆಗೆ ಬೆಲೆ ಇದೆ. ವಯಸ್ಸಾದವರ ಆರೈಕೆ, ಮಾನಸಿಕ ಆರೋಗ್ಯ, ಮನೆಯಲ್ಲೇ ಮಲಗಿರುವ ಕ್ಯಾನ್ಸರ್ ರೋಗಿಗಳ ಉಪಶಮನ, ಇವೂ ಆಶಾಗಳ ಕೈಗೆ ಎಟಕುವುದು ಕಡಿಮೆ.

ಖರ್ಚಿನ ಲೆಕ್ಕ ಹಾಕೋಣ. ಒಬ್ಬ ಕಾರ್ಯಕರ್ತೆಗೆ ತಿಂಗಳಿಗೆ 15 ಸಾವಿರ ಅಂದುಕೊಳ್ಳಿ. ಹತ್ತು ಜನಕ್ಕೆ ವರ್ಷಕ್ಕೆ 18 ಲಕ್ಷ. ನರ್ಸಿಂಗ್ ಓದಿದ ಒಬ್ಬ ಮೇಲ್ವಿಚಾರಕಿಗೆ ತಿಂಗಳಿಗೆ 30 ಸಾವಿರ ಅಂದರೆ 3 ಲಕ್ಷ 60 ಸಾವಿರ. ಅಲ್ಲಿಗೇ 21 ಲಕ್ಷ ದಾಟಿತು. ಬಸ್ ಚಾರ್ಜು, ಮಾತ್ರೆ, ತರಬೇತಿ, ಪಿಎಫ್, ಆಫೀಸು ಇನ್ನೂ ಸೇರಿಲ್ಲ. ಮೂರು ವರ್ಷಕ್ಕೆ ಸಂಬಳದ ಬಾಬ್ತೇ 65 ಲಕ್ಷದ ಹತ್ತಿರ. ಯಾರಾದರೂ 10 ಲಕ್ಷಕ್ಕೆ ಹತ್ತು ಕಾರ್ಯಕರ್ತೆಯರನ್ನು ಒಂದು ವರ್ಷ ನಡೆಸುತ್ತೇವೆ ಅಂದರೆ ಹಿಗ್ಗಬೇಡಿ. ‘ಅವರಿಗೆ ಕೈಗೆ ಎಷ್ಟು ಕೊಡ್ತೀರಿ?’ ಅಂತ ಕೇಳಿ. ಕಡಿಮೆ ಖರ್ಚಿನ ಯೋಜನೆ ಅನ್ನುವುದರ ಅರ್ಥ ಎಷ್ಟೋ ಸಲ ಕಡಿಮೆ ಸಂಬಳದ ಹೆಂಗಸರು ಅಂತ.

ಟ್ರಸ್ಟ್‌ನ ದೊಡ್ಡ ಅನುಕೂಲ, ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ 80ಜಿ ರಸೀತಿ ಸಿಗುತ್ತದೆ. ಆದರೆ ಆ ರಿಯಾಯಿತಿ ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದಕ್ಕೂ ಇಲ್ಲ. ಅಪಾರ್ಟ್‌ಮೆಂಟ್ ಸಂಘದವರು ಬೈಲಾ ನೋಡಿಕೊಳ್ಳಿ. ಮೆಂಟೆನೆನ್ಸ್ ದುಡ್ಡನ್ನು ದಾನ ಮಾಡಲು ಅವಕಾಶ ಇಲ್ಲದಿದ್ದರೆ ಸದಸ್ಯರೇ ನೇರವಾಗಿ ಟ್ರಸ್ಟ್‌ಗೆ ಕಳಿಸುವುದು ಮೇಲು, ರಸೀತಿಯೂ ಅವರವರ ಹೆಸರಿಗೇ ಬರುತ್ತದೆ.

ದುರ್ಬಲ ಜಾಗ ನಾಲ್ಕನೇ ವರ್ಷವೇ. ಟ್ರಸ್ಟ್‌ನವರನ್ನು ಕೇಳಲೇಬೇಕಾದ ಒಂದು ಪ್ರಶ್ನೆ: ‘ನಿಮ್ಮ ಹಳೇ ಯೋಜನೆ ಯಾವುದಾದರೂ ನಿಂತಿದೆಯಾ? ನಿಂತಾಗ ಆ ಕಾರ್ಯಕರ್ತೆಯರು ಏನಾದರು?’ ಇದಕ್ಕೆ ಪ್ರಾಮಾಣಿಕ ಉತ್ತರ ಕೊಟ್ಟವರಿಗೆ ನಾನು ಸಂತೋಷವಾಗಿ ದುಡ್ಡು ಕೊಡುತ್ತೇನೆ. ನಮ್ಮದು ಯಾವುದೂ ನಿಂತೇ ಇಲ್ಲ ಅನ್ನುವವರಿಗೆ ಇನ್ನೊಂದು ಸಲ ಯೋಚಿಸುತ್ತೇನೆ.

ಸರ್ಕಾರದ ಜೊತೆ ಕೈಜೋಡಿಸುವುದು

ಇದು ದೊಡ್ಡ ದುಡ್ಡಿನವರ ಆಟ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿಮೌಲ್ಯ ಇರುವ ಕಂಪನಿ ಕಳೆದ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಿಎಸ್‌ಆರ್‌ಗೆ ಇಡಬೇಕು ಅನ್ನುವುದು 2013ರ ಕಂಪನಿ ಕಾಯ್ದೆ. ಇಂಥ ಕಂಪನಿಗಳು ಮಾರ್ಚ್ ಕೊನೇ ವಾರ ಚೆಕ್ ಹಿಡಿದುಕೊಂಡು ಟ್ರಸ್ಟ್‌ಗಳ ಬಾಗಿಲಿಗೆ ಓಡುವುದು ನೋಡಿದರೆ ಬೇಜಾರಾಗುತ್ತದೆ. ಅದರ ಅಗತ್ಯವೇ ಇಲ್ಲ. ಬಹುವರ್ಷದ ಯೋಜನೆ ಅಂತ ಮೊದಲೇ ನಿರ್ಣಯ ಮಾಡಿದರೆ, ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷದಲ್ಲಿ ಖರ್ಚು ಮಾಡಬಹುದು. ಆರೋಗ್ಯ ಕಾರ್ಯಕರ್ತೆಯರ ಯೋಜನೆಗೆ ಬೇಕಾದ್ದೇ ಈ ನಿಧಾನ.

ದುಡ್ಡು ಎಲ್ಲಿ ಹಾಕುವುದು? ನನ್ನ ಪ್ರಕಾರ ತರಬೇತಿ ಮತ್ತು ಮೇಲ್ವಿಚಾರಣೆಗೆ. ಒಂದು ತಾಲ್ಲೂಕಿನ ಎಲ್ಲ ಆಶಾಗಳಿಗೆ ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ಸರಿಯಾದ ತರಬೇತಿ, ಆಮೇಲೆ ಎರಡು ವರ್ಷ ಅವರ ಜೊತೆ ಮನೆಗಳಿಗೆ ಹೋಗಿ ತಿದ್ದುವ ನಾಲ್ಕು ಜನ ನರ್ಸ್‌ಗಳು. ಫೋಟೋದಲ್ಲಿ ಚೆನ್ನಾಗಿ ಕಾಣುವ ಕೆಲಸ ಅಲ್ಲ. ಲೋಗೋ ಹಾಕಲು ಆಂಬುಲೆನ್ಸೂ ಇಲ್ಲ. ಆದರೆ ದುಡ್ಡು ಮುಗಿದ ಮೇಲೂ ಕಲಿತದ್ದು ಆ ಹೆಂಗಸರ ಹತ್ತಿರವೇ ಇರುತ್ತದೆ.

ಇನ್ನೊಂದು ರೀತಿ, ಪಿಎಚ್‌ಸಿಯನ್ನೇ ಸಂಸ್ಥೆಯೊಂದು ನಡೆಸುವುದು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪಿಎಚ್‌ಸಿಯನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸಿ ತೋರಿಸಿತು. ಹೊಸಬರು ಕೈಹಾಕುವ ಕೆಲಸ ಅಲ್ಲ ಅದು. ಅನುದಾನ ಬರುವುದು ತಡವಾದರೆ ತಿಂಗಳುಗಟ್ಟಲೆ ಸಂಬಳ ತಾವೇ ಕೊಡಬಲ್ಲ ಶಕ್ತಿ ಬೇಕು.

ಇಲ್ಲಿನ ಕಷ್ಟ ಸಮಯದ್ದು. ಒಪ್ಪಂದ ಪತ್ರಕ್ಕೆ ಸಹಿ ಬೀಳುವುದಕ್ಕೇ ತಿಂಗಳುಗಳು ಹೋಗಬಹುದು. ಅಧಿಕಾರಿ ಬದಲಾದರೆ ಆದ್ಯತೆ ಬದಲಾಗಬಹುದು. ವರ್ಷದೊಳಗೆ ಫಲಿತಾಂಶ ತೋರಿಸಬೇಕಾದ ಒತ್ತಡ ಇರುವ ಕಂಪನಿಗೆ ಇದು ಆಗಿಬರುವುದಿಲ್ಲ.

ಆಫ್ರಿಕಾದ ಲಿಂಕ್

ಯಾರೋ ಕಳಿಸಿದ ಆ ಲಿಂಕ್‌ನಲ್ಲಿರುವುದು ಸುಳ್ಳಲ್ಲ. ಕಾರ್ಯಕರ್ತೆಯರ ಬಗ್ಗೆ ಇರುವ ಒಳ್ಳೆಯ ಅಧ್ಯಯನಗಳಲ್ಲಿ ಒಂದು ಉಗಾಂಡಾದ್ದು. ಲಿವಿಂಗ್ ಗೂಡ್ಸ್ ಮತ್ತು ಬ್ರಾಕ್ ಸಂಸ್ಥೆಗಳ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಲೇರಿಯಾ, ಭೇದಿಗೆ ಔಷಧಿ ಕೊಡುತ್ತಿದ್ದರು, ಮಾರಾಟದ ಲಾಭವೇ ಅವರ ಆದಾಯ. ಯಾವ ಹಳ್ಳಿಗೆ ಕಾರ್ಯಕರ್ತೆ ಅಂತ ಚೀಟಿ ಎತ್ತಿದ ಹಾಗೆ ಆರಿಸಿ ಹೋಲಿಸಿದಾಗ, ಅವರಿದ್ದ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು 27% ಕಡಿಮೆ ಇತ್ತು. ಲೈಬೀರಿಯಾದ ಕಥೆ ಇನ್ನೊಂದು. ಎಬೋಲಾ ಬಡಿದು ಹೋದ ಮೇಲೆ 2016ರಲ್ಲಿ, ಆಸ್ಪತ್ರೆಯಿಂದ 5 ಕಿಲೋಮೀಟರ್‌ಗಿಂತ ದೂರ ಇರುವ ಊರುಗಳಿಗೆಲ್ಲ ಸಂಬಳದ ಕಾರ್ಯಕರ್ತರನ್ನು ಕೊಡುವ ಯೋಜನೆಯನ್ನು ಅಲ್ಲಿನ ಸರ್ಕಾರ ಲಾಸ್ಟ್ ಮೈಲ್ ಹೆಲ್ತ್ ಮುಂತಾದ ಸಂಸ್ಥೆಗಳ ಜೊತೆ ಸೇರಿ ಶುರು ಮಾಡಿತು. ತಿಂಗಳಿಗೆ 70 ಡಾಲರ್. ಕೀನ್ಯಾ 2023ರಲ್ಲಿ ಸುಮಾರು ಒಂದು ಲಕ್ಷ ಕಾರ್ಯಕರ್ತರನ್ನು ಕಿಟ್ ಕೊಟ್ಟು ಕೆಲಸಕ್ಕೆ ಇಳಿಸಿತು. ಭತ್ಯೆಯಲ್ಲಿ ಅರ್ಧ ಕೇಂದ್ರದ್ದು, ಅರ್ಧ ಅಲ್ಲಿನ ಕೌಂಟಿಗಳದ್ದು.

ಮಕ್ಕಳ ಸಾವು ಹೆಚ್ಚಿರುವ ಕಡೆ, ಆಸ್ಪತ್ರೆಯೇ ಇಲ್ಲದ ಕಡೆ, ಒಂದು ರೂಪಾಯಿ ಜಾಸ್ತಿ ಕೆಲಸ ಮಾಡುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಅಲ್ಲದೆ 2025ರಲ್ಲಿ ಅಮೆರಿಕ ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದ ಮೇಲೆ ಈ ದೇಶಗಳ ಆರೋಗ್ಯ ಯೋಜನೆಗಳಿಗೆ ದೊಡ್ಡ ಪೆಟ್ಟು ಬಿದ್ದಿದೆ. ಹಾಗಾಗಿ ಅಗತ್ಯ ಈಗ ಇನ್ನೂ ಜಾಸ್ತಿ. ನಾಲ್ಕನೇ ವರ್ಷದ ಪ್ರಶ್ನೆ ಎಷ್ಟು ಮುಖ್ಯ ಅಂತ ಪ್ರಪಂಚಕ್ಕೇ ತೋರಿಸಿದ್ದೂ ಅದೇ ಘಟನೆ.

ಆದರೆ ನಮ್ಮ ಕಡೆಯ ಲೆಕ್ಕ ಇಲ್ಲಿ ಬಿಗಿಯಾಗಿದೆ. ಸಿಎಸ್‌ಆರ್ ಹಣ ಭಾರತದೊಳಗೇ ಖರ್ಚಾಗಬೇಕು, ಹೊರಗೆ ಕಳಿಸುವ ಹಾಗಿಲ್ಲ. ಅಪಾರ್ಟ್‌ಮೆಂಟ್ ಸಂಘ, ಟ್ರಸ್ಟ್‌ಗಳಿಗೆ ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ದಾರಿ ಇಲ್ಲ. ಅದು ಇಲ್ಲೇ ವಾಸವಿರುವ ವ್ಯಕ್ತಿಗಳಿಗೆ ಮಾತ್ರ, ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯಲ್ಲಿ. 80ಜಿ ಸಿಗುವುದಿಲ್ಲ. ವರ್ಷಕ್ಕೆ ಒಟ್ಟು 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್ (ಮುಂಚಿತವಾಗಿ ವಸೂಲು ಮಾಡುವ ತೆರಿಗೆ) ಹಿಡಿದುಕೊಳ್ಳುತ್ತದೆ. ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಿರುತ್ತದೆ. ಸಂಬಳದವರೊಬ್ಬರು ವರ್ಷಕ್ಕೆ 50 ಸಾವಿರವೋ ಲಕ್ಷವೋ ಕಳಿಸುವುದಾದರೆ ಇದ್ಯಾವುದೂ ದೊಡ್ಡ ಅಡ್ಡಿಯಲ್ಲ. ಯಾವ ಮಗು ಅಂತ ನೋಡದೆ ಎಷ್ಟು ಮಕ್ಕಳು ಅಂತ ಮಾತ್ರ ನೋಡುವವರು ನೀವಾದರೆ ಈ ಆಯ್ಕೆಯನ್ನು ತಳ್ಳಿಹಾಕಲು ನನ್ನ ಹತ್ತಿರ ಒಳ್ಳೆಯ ವಾದವೇ ಇಲ್ಲ.

ಒಂದು ಅಂಕಿಯ ಬಗ್ಗೆ ಮಾತ್ರ ಹುಷಾರು. ಒಂದು ರೂಪಾಯಿ ಹಾಕಿದರೆ ಹತ್ತು ರೂಪಾಯಿ ಲಾಭ ಅನ್ನುವುದು ಇಂಥ ಎಲ್ಲ ಬ್ರೋಷರ್‌ಗಳಲ್ಲೂ ಇರುತ್ತದೆ. 2015ರ ವರದಿಯೊಂದರಲ್ಲಿ ಇದ್ದದ್ದು ‘ಹತ್ತರವರೆಗೆ’ ಅಂತ. ಹೆಚ್ಚೆಂದರೆ ಹತ್ತು ಅನ್ನುವುದು ಬ್ರೋಷರ್‌ಗೆ ಬರುವಷ್ಟರಲ್ಲಿ ಖಂಡಿತ ಹತ್ತು ಆಗಿಬಿಡುತ್ತದೆ.

ಆ್ಯಪ್ ಮಾಡಿಕೊಡುತ್ತೇವೆ ಅನ್ನುವವರಿಗೆ

ಬೆಂಗಳೂರಿನಲ್ಲಿ ಇದೊಂದು ಆಯ್ಕೆ ಬಂದೇ ಬರುತ್ತದೆ. ಬೇಡ. ಆಶಾಗಳ ಫೋನಿನಲ್ಲಿ ಆಗಲೇ ಆ್ಯಪ್‌ಗಳಿವೆ, ಮಾಡಿದ ಕೆಲಸ ಪೋರ್ಟಲ್‌ಗೆ ಸೇರದೆ ಪ್ರೋತ್ಸಾಹಧನ ನಿಂತುಹೋಗುತ್ತದೆ ಅನ್ನುವ ದೂರು ಅವರ ಧರಣಿಗಳಲ್ಲೂ ಕೇಳಿಬಂದಿದೆ. ಕೋಡ್ ಬರೆಯುವ ಗೆಳೆಯರಿದ್ದರೆ ಹೊಸದನ್ನು ಮಾಡುವ ಬದಲು, ಒಂದು ಟ್ರಸ್ಟ್ ಈಗ ಬಳಸುತ್ತಿರುವುದನ್ನು ಕನ್ನಡದಲ್ಲಿ ಸರಿಯಾಗಿ ಓದುವ ಹಾಗೆ ಮಾಡಿಕೊಡಲಿ.

ಯಾರಿಗೆ ಯಾವುದು

ಗೆಳೆಯರ ಗುಂಪಿನಲ್ಲಿ ಲಕ್ಷದೊಳಗಿನ ದುಡ್ಡು, ಹತ್ತಿರದಲ್ಲೇ ಕಣ್ಣಿಗೆ ಕಾಣುವ ಕೆಲಸ ಬೇಕು ಅಂದರೆ ಪಿಎಚ್‌ಸಿಯ ಸಾಮಾನಿನ ಪಟ್ಟಿ ಅಥವಾ ನಿಕ್ಷಯ್ ಮಿತ್ರ. ಒಂದೇ ಸಲ ಕೊಟ್ಟು ಮರೆಯುವುದಕ್ಕಿಂತ ವರ್ಷಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಕೊಡಿ. ಸ್ಟ್ರಿಪ್ ಮುಗಿಯುತ್ತದೆ, ಸೆಲ್ ಸಾಯುತ್ತದೆ.

ಅಪಾರ್ಟ್‌ಮೆಂಟ್ ಸಂಘದ 5 ಲಕ್ಷದಿಂದ 10 ಲಕ್ಷ ಅಂದರೆ, ಹತ್ತು ಹೊಸ ಕಾರ್ಯಕರ್ತೆಯರ ಆಸೆ ಬಿಟ್ಟು, ಈಗಾಗಲೇ ನಡೆಯುತ್ತಿರುವ ಟ್ರಸ್ಟ್ ಒಂದಕ್ಕೆ ಮೇಲ್ವಿಚಾರಕಿಯ ಎರಡು ವರ್ಷದ ಸಂಬಳ ಕೊಡಿ. ಯಾರೂ ಮುಂದೆ ಬಂದು ಕೊಡದ ಬಾಬ್ತು ಅದು. ನಿಮ್ಮದೇ ಅಪಾರ್ಟ್‌ಮೆಂಟ್‌ಗೆ ಕೆಲಸಕ್ಕೆ ಬರುವ ಅಕ್ಕಂದಿರು, ಸೆಕ್ಯುರಿಟಿಯವರು ವಾಸ ಇರುವ ಕಾಲೋನಿಯಲ್ಲಿ ಆ ಟ್ರಸ್ಟ್ ಕೆಲಸ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು, ಅವರನ್ನೇ ಕೇಳಿದರೆ ವರದಿಯಲ್ಲಿ ಇಲ್ಲದ್ದೂ ತಿಳಿಯುತ್ತದೆ.

50 ಲಕ್ಷ ಮೇಲ್ಪಟ್ಟ ಸಿಎಸ್‌ಆರ್ ಆದರೆ ಎರಡು ದಾರಿ. ಮೂರು ವರ್ಷ ಕಾಯುವ ತಾಳ್ಮೆ ಇದ್ದರೆ ಸರ್ಕಾರದ ಜೊತೆ ತಾಲ್ಲೂಕು ಮಟ್ಟದ ತರಬೇತಿ. ಇಲ್ಲದಿದ್ದರೆ ವಲಸೆ ಕಾರ್ಮಿಕರ ನಡುವೆ ಕೆಲಸ ಮಾಡುವ ಟ್ರಸ್ಟ್, ಆದರೆ ಎರಡನೇ ವರ್ಷ ಮುಗಿಯುವುದರೊಳಗೆ ಮುಂದಿನ ದುಡ್ಡಿನ ದಾರಿ ಬರೆದುಕೊಡಬೇಕು ಅನ್ನುವ ಷರತ್ತಿನ ಮೇಲೆ. ದುಡ್ಡಿನ ಕಂತು ಬಿಡುಗಡೆ ಮಾಡುವುದನ್ನು ಮನೆ ಭೇಟಿಗಳ ಸಂಖ್ಯೆಗೆ ತಳುಕು ಹಾಕಬೇಡಿ. ಸಂಖ್ಯೆ ಕೇಳಿದರೆ ಸಂಖ್ಯೆಯೇ ಬರುತ್ತದೆ. ಕಾರ್ಯಕರ್ತೆಯರ ಖಾತೆಗೆ ಪ್ರತಿ ತಿಂಗಳು ಯಾವ ತಾರೀಖಿಗೆ ಸಂಬಳ ಬಿತ್ತು ಅನ್ನುವ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ. ಒಂದು ಸಂಸ್ಥೆ ಹೇಗೆ ನಡೆಯುತ್ತಿದೆ ಅಂತ ಅದರಷ್ಟು ಚೆನ್ನಾಗಿ ಇನ್ಯಾವ ಕಾಗದವೂ ಹೇಳುವುದಿಲ್ಲ.

ಇನ್ನು ಅಮೆರಿಕದಲ್ಲಿರುವ ಮಗ, ಮಗಳು ಸೇರಿಕೊಳ್ಳುತ್ತಾರೆ ಅನ್ನುವ ಮನೆಗಳಿಗೆ. ಅವರ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಂತ ಆಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ (ಭಾರತ ಮೂಲದ ವಿದೇಶಿಯರ) ಕಾರ್ಡ್ ಇದ್ದರೂ, ಟ್ರಸ್ಟ್‌ಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರಲೇಬೇಕು. ಅಂಥವರು ದುಡ್ಡು ಕಳಿಸುವ ಮೊದಲು ಟ್ರಸ್ಟ್‌ನವರಿಗೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಹೇಳಲಿ. ಹೇಳದೆ ಕಳಿಸಿದರೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಟ್ರಸ್ಟ್.